ಸೋಫಾದ ಮೇಲಿನ ನೂರು ವಾಟ್

ಕಾಲರ್ ಸಾಹೇಬರ ಮನೆ ಬಾಗಿಲಿಗೆ ‘ಎಫ್’ ಎಂಬ ಅಕ್ಷರವಿದ್ದ ತಗಡಿನ ಫಲಕವನ್ನು ಹಾಡಹಗಲೇ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗಲೇ ಹೊಡೆದರು. ಹೊಡೆದವರಿಗೆ ಕೈ ನಡುಗಲಿಲ್ಲ. ಮೊಳೆ ಬಾಗಲಿಲ್ಲ. ಲೋಕದಲ್ಲಿ ನ್ಯಾಯ ಅನ್ನುವುದು ಎಷ್ಟರ ಮಟ್ಟಿಗೆ ಉಳಿದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸಾಹೇಬರು ಯಾರು, ಎಂಥವರು ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ನೀವೇ ಹೇಳಿ. ಅವರು ಶರಟು ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ತಪಾಸಣೆಯ ಮೇಲ್ವಿಚಾರಕರು. ತಲೆಗೂದಲು ನೆರೆಯುವವರೆಗೂ ಮಾಡಿದ್ದು ಅದೊಂದೇ ಕೆಲಸ. ಹೊಲಿದು ಬಂದ ಪ್ರತಿ ಕಾಲರನ್ನೂ ಟ್ಯೂಬ್‌ಲೈಟಿಗೆ ಹಿಡಿದು, ಅದರ ಎರಡು ಮೂತಿಗಳನ್ನು ಒಂದಕ್ಕೊಂದು ಜೋಡಿಸಿ, ಒಂದು ಮೂತಿ ಇನ್ನೊಂದಕ್ಕಿಂತ ನೂಲಿನಷ್ಟು ಮುಂದೆ ಬಂದಿದ್ದರೂ ಸೀಮೆಸುಣ್ಣದಲ್ಲಿ ಕತ್ತರಿ ಗುರುತು ಹಾಕಿ ಬುಟ್ಟಿಗೆ ಎಸೆಯುತ್ತಿದ್ದರು. ಹೊಲಿದವರು ಕಣ್ಣೀರಿಟ್ಟರೆ, “ಅತ್ರೆ ಮೂತಿ ನೆಟ್ಟಗಾಗಲ್ಲಮ್ಮ, ಬಿಚ್ಚಿ ಹೊಲಿ” ಎನ್ನುತ್ತಿದ್ದರು. ಮನೆಯಲ್ಲಿ ಬನಿಯನ್ ಹಾಕಿಕೊಂಡಿದ್ದರೂ ಅವರ ಕತ್ತು ಗಂಜಿ ಹಾಕಿದ ಕಾಲರಿನೊಳಗೆ ಇದ್ದ ಹಾಗೇ ನೆಟ್ಟಗಿರುತ್ತಿತ್ತು. ಊರಿನವರಿಗೆಲ್ಲ ದರ್ಜೆ ಕೊಡುವ ಮನುಷ್ಯನಿಗೆ ಇನ್ನೊಬ್ಬರು ದರ್ಜೆ ಕೊಡುವುದೆಂದರೇನು? ಅದೂ ಎಫ್!

ಕೊಟ್ಟದ್ದು ವಿದ್ಯುತ್ ಉಳಿತಾಯದ ಕಚೇರಿ. ಯಾವ ಮನೆ ಎಷ್ಟು ಕರೆಂಟು ಕುಡಿಯುತ್ತದೆ, ಕುಡಿದದ್ದಕ್ಕೆ ತಕ್ಕಂತೆ ತಂಪಾಗಿರುತ್ತದೆಯೋ ಇಲ್ಲವೋ ಎಂದು ಅಳೆದು, ಎ ಯಿಂದ ಜಿ ವರೆಗೆ ಅಕ್ಷರ ಕೊಟ್ಟು, ಅದನ್ನು ಬಾಗಿಲಿಗೇ ಹೊಡೆಯಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತಂತೆ. ಆ ಕೆಲಸಕ್ಕೆ ಬಂದವಳು ಭುಜಕ್ಕೆ ಒಂದು ಚೀಲ, ಕೈಯಲ್ಲೊಂದು ವಿಚಿತ್ರವಾದ ಕ್ಯಾಮೆರಾ ಹಿಡಿದ ಇಂಜಿನಿಯರ್ ಹುಡುಗಿ. ಕಟ್ಟಡದವರೆಲ್ಲ ಅವಳನ್ನು ಇನ್ಸ್‌ಪೆಕ್ಟರಮ್ಮ ಎಂದೇ ಕರೆದರು.

“ಏನಮ್ಮಾ ಇದು? ನನ್ನ ಮನೆ ಫೇಲಾ?” ಎಂದರು ಸಾಹೇಬರು.

“ಪಾಸು ಫೇಲು ಅಂತೇನಿಲ್ಲ ಸಾರ್. ಎ ಅಂದ್ರೆ ಕಮ್ಮಿ ಕರೆಂಟಲ್ಲೇ ತಂಪಾಗಿರೋ ಮನೆ. ಜಿ ಅಂದ್ರೆ ಎಷ್ಟು ಎಸಿ ಹಾಕಿದ್ರೂ ಬೇಯೋ ಮನೆ. ನಿಮ್ದು ಜಿ ಅಲ್ವಲ್ಲ.”

ಸಮಾಧಾನ ಹೇಳುವುದರಲ್ಲೂ ಒಂದು ಕ್ರಮ ಇರಬೇಕು. ಸಾಹೇಬರ ಮೂಗಿನ ಹೊಳ್ಳೆ ಅರಳಿತು.

ಸುತ್ತಿಗೆ ಸದ್ದು ಕೇಳಿ ಕೆಳಮನೆಯ ನರ್ಸಮ್ಮ ಮೇಲೆ ಬಂದರು. ಆಸ್ಪತ್ರೆಯಿಂದ ನಿವೃತ್ತರಾಗಿ ಎರಡು ಬೆಕ್ಕುಗಳ ಜೊತೆ ಒಬ್ಬರೇ ಇದ್ದವರು. “ಅಯ್ಯೋ, ಸಾಹೇಬ್ರಿಗೆ ಎಫ್ ಬಂತಾ? ನಂಗೆ ಬಿ ಕೊಟ್ಟವ್ರೆ. ನಾನೇನೂ ಮಾಡಿಲ್ಲಪ್ಪ, ಸುಮ್ನೆ ಫ್ಯಾನ್ ಹಾಕ್ಕೊಂಡು ಬಿದ್ದಿರ್ತೀನಿ” ಎಂದರು.

“ಅವ್ರ ತಲೆ ಮೇಲೆ ನಿಮ್ಮನೆ ಇದೆಯಲ್ಲ ಸಾರ್. ಬಿಸಿಲನ್ನೆಲ್ಲ ನೀವೇ ತಡ್ಕೋತೀರ” ಎಂದಳು ಇನ್ಸ್‌ಪೆಕ್ಟರಮ್ಮ.

“ಅಂದ್ರೆ ನಾನು ಛತ್ರಿ! ಬೇಯೋನು ನಾನು, ಬಹುಮಾನ ಅವರಿಗೆ!”

ಅಷ್ಟರಲ್ಲಿ ಎದುರುಮನೆಯ ಬಾಗಿಲು ತೆರೆದು ವಿಮಾ ಏಜೆಂಟರೂ ಬಂದರು. ಅವರದೂ ಸಾಹೇಬರ ಹಾಗೆ ಮೇಲಿನ ಅಂತಸ್ತೇ. ಆದರೆ ಅವರಿಗೆ ಡಿ. “ನಾವು ಸೂರಿನ ಕೆಳಗೆ ಇನ್ನೊಂದು ಸೂರು ಹಾಕ್ಸಿದೀವಲ್ಲ ಸಾಹೇಬ್ರೇ, ಅದಕ್ಕೇ. ನೀವು ಬೇಜಾರು ಮಾಡ್ಕೋಬೇಡಿ. ಎಫ್ ಮನೆಯವರಿಗೂ ನಮ್ಮಲ್ಲಿ ಒಳ್ಳೊಳ್ಳೆ ಪಾಲಿಸಿ ಇದಾವೆ” ಎಂದರು. ಗಾಯದ ಮೇಲೆ ಉಪ್ಪು ಸವರುವವರನ್ನು ನಾವು ಕಂಡಿದ್ದೇವೆ. ಉಪ್ಪಿನ ಜೊತೆ ಪಾಲಿಸಿಯನ್ನೂ ಮಾರುವವರು ಇವರೊಬ್ಬರೇ.

ಸಾಹೇಬರು ಇನ್ಸ್‌ಪೆಕ್ಟರಮ್ಮನನ್ನು ಒಳಗೆ ಕರೆದು ಕೂರಿಸಿ, ಈ ದರ್ಜೆ ಏರಿಸಿಕೊಳ್ಳಲು ಏನು ಮಾಡಬೇಕೆಂದು ಕೇಳಿದರು. ಅವಳು ಪಾಪ ತಾಳ್ಮೆಯಿಂದ ಹೇಳಿದಳು. ವಾಟ್ ಅಂದರೆ ಕರೆಂಟು ಎಷ್ಟು ಜೋರಾಗಿ ಖರ್ಚಾಗುತ್ತಿದೆ ಅನ್ನುವುದು, ನಲ್ಲಿಯ ಧಾರೆ ಇದ್ದ ಹಾಗೆ. ಯೂನಿಟ್ ಅಂದರೆ ಒಟ್ಟು ಎಷ್ಟು ಖರ್ಚಾಯಿತು ಅನ್ನುವುದು, ಬಕೆಟ್ಟಿಗೆ ಬಿದ್ದ ನೀರು. ಮನೆಯೊಳಗೆ ಸೇರುವ ಬಿಸಿಯೆಲ್ಲ ಎಸಿಯ ಪಾಲಿಗೆ ಲೋಡು. ಲೋಡು ಹೆಚ್ಚಾದಷ್ಟೂ ಎಸಿ ಒದ್ದಾಡುತ್ತದೆ, ಯೂನಿಟ್ ಏರುತ್ತದೆ. ಅದಕ್ಕೆ ಸೂರಿನ ಮೇಲೆ ಬಿಸಿ ಇಳಿಯದ ಹಾಗೆ ಇನ್ಸುಲೇಷನ್ ಹಾಕಿಸಬೇಕು, ಕೊನೇಪಕ್ಷ ಸುಣ್ಣವಾದರೂ ಬಳಿಸಬೇಕು, ಕಿಟಕಿಯ ಸಂದುಗಳನ್ನು ಮುಚ್ಚಬೇಕು.

“ನನ್ನ ಸೂರಿನಲ್ಲಿ ಲೋಪ ಇಲ್ಲ. ಬೇರೆ ಯಾವುದರಿಂದ ಬಿಸಿಯಾಗುತ್ತೆ, ಅದನ್ನ ಹೇಳಿ.”

“ಬೇರೆ ಅಂದ್ರೆ ಒಲೆ, ಫ್ರಿಜ್ಜು, ಹಳೇ ಬಲ್ಬು, ಟಿವಿ...”

“ಇನ್ನೂ?”

“ಇನ್ನೇನು ಸಾರ್, ಮನುಷ್ಯರೇ. ಸುಮ್ನೆ ಕೂತ್ಕೊಂಡಿರೋ ಮನುಷ್ಯ ಕೂಡ ಹಳೇ ಕಾಲದ ನೂರು ವಾಟ್ ಬಲ್ಬಿನಷ್ಟು ಬಿಸಿ ಬಿಡ್ತಾನೆ.”

ಸಾಹೇಬರ ಕಣ್ಣು ನಿಧಾನವಾಗಿ ಹಾಲಿನ ಮೂಲೆಯ ಸೋಫಾದ ಕಡೆ ತಿರುಗಿತು.

ಸೋಫಾದ ಮೇಲೆ ಟಾರ್ಚ್ ಮಾಮ ಕೂತಿದ್ದ. ಸಾಹೇಬರ ಹೆಂಡತಿಯ ತಮ್ಮ. ದುಂಡಗಿನ ದೊಡ್ಡ ಆಸಾಮಿ. ಸಿನಿಮಾ ಥಿಯೇಟರಿನಲ್ಲಿ ಟಾರ್ಚ್ ಬಿಟ್ಟು ಜನರಿಗೆ ಸೀಟು ತೋರಿಸುವ ಕೆಲಸ ಮಾಡುತ್ತಿದ್ದ. ಥಿಯೇಟರ್ ಮುಚ್ಚಿ ಅಲ್ಲಿ ಗೋದಾಮು ಬಂತು. ಗೋದಾಮಿನ ಮೂಟೆಗಳಿಗೆ ಸೀಟು ತೋರಿಸುವವರು ಬೇಕಿರಲಿಲ್ಲ. “ಬೇರೆ ಕೆಲಸ ಸಿಗೋವರೆಗೂ ನಾಲ್ಕು ದಿನ ಇದ್ದು ಹೋಗ್ತೀನಿ ಅಕ್ಕ” ಎಂದು ಬಂದವನು. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಯಾರಿಗೂ ಎದುರಾಡಿದವನಲ್ಲ, ಯಾರ ತಂಟೆಗೂ ಹೋದವನಲ್ಲ. ಕೊಟ್ಟದ್ದು ತಿಂದು, ಸೋಫಾದ ಎಡಮೂಲೆಯಲ್ಲಿ ಕೂತು ಮುಗುಳ್ನಗುತ್ತಿದ್ದ. ಆ ಮುಗುಳ್ನಗೆಯೇ ಸಾಹೇಬರಿಗೆ ಮೈಯೆಲ್ಲ ಉರಿಸುತ್ತಿತ್ತು. ಬೈಯಲು ಕಾರಣ ಕೊಡದ ಮನುಷ್ಯನನ್ನು ಎಷ್ಟು ದಿನ ಅಂತ ಸಹಿಸಿಕೊಳ್ಳುವುದು ಹೇಳಿ!

ಈಗ ಕಾರಣ ಸಿಕ್ಕಿತ್ತು. ಅದೂ ವಿಜ್ಞಾನದ ಕಾರಣ.

ಇನ್ಸ್‌ಪೆಕ್ಟರಮ್ಮ ಮರುತಪಾಸಣೆಗೆ ಮುಂದಿನ ತಿಂಗಳು ಬರುತ್ತೇನೆಂದು ಹೇಳಿ ಹೋದಳು. ಅವಳು ಮೆಟ್ಟಿಲಿಳಿಯುವ ಸದ್ದು ನಿಲ್ಲುವ ಮೊದಲೇ ಸಾಹೇಬರು ಹಾಲಿನ ಮಧ್ಯೆ ನಿಂತು ಘೋಷಿಸಿದರು. “ಈ ಮನೆ ಯಾಕೆ ಬೇಯ್ತಿದೆ ಅಂತ ಇವತ್ತು ಗೊತ್ತಾಯ್ತು. ಸೋಫಾದ ಮೇಲೆ ನೂರು ವಾಟಿನ ಬಲ್ಬು ಹಗಲೂ ರಾತ್ರಿ ಉರೀತಾ ಇದೆ. ಆರಿಸೋಕೆ ಸ್ವಿಚ್ಚೇ ಇಲ್ಲ!”

“ಯಾರನ್ನ ಬಲ್ಬು ಅಂತಿದೀರ?” ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

“ನಾನಲ್ಲ ಕಣೇ, ಸರ್ಕಾರ ಅಂತಿದೆ. ಇವನ ಗಾತ್ರಕ್ಕೆ ನೂರಿಪ್ಪತ್ತು ಅಂತ ಹಿಡಿ.”

“ಓಹೋ. ನೀವು ಎಷ್ಟು ವಾಟೋ? ನೀವೇನು ಮಂಜುಗಡ್ಡೆನಾ?”

“ನಾನು ದುಡಿಯೋನು. ನಂದು ಅಗತ್ಯ ಲೋಡು. ನೀನು ಅಡುಗೆ ಮಾಡ್ತೀಯ, ನಿಂದೂ ಅಗತ್ಯ. ಇವನದು ಸ್ಟ್ಯಾಂಡ್‌ಬೈ. ಟಿವಿ ಆರಿಸಿದ ಮೇಲೂ ಮೂಲೇಲಿ ಸಣ್ಣಗೆ ಕೆಂಪು ದೀಪ ಉರೀತಿರುತ್ತಲ್ಲ, ಹಂಗೆ. ಕೆಲಸ ಏನೂ ಇಲ್ಲ, ಖರ್ಚು ಮಾತ್ರ ಇದೆ.”

“ನಮ್ಮಮ್ಮ ಕಣ್ಣು ಮುಚ್ಚೋವಾಗ ನನ್ನ ಕೈಲಿ ಇವನ ಕೈ ಇಟ್ಟು ಹೋಗಿದಾಳೆ. ನನಗೆ ಅಂತ ಇರೋನು ಇವನೊಬ್ಬ. ಇವನನ್ನ ಆರಿಸ್ತೀರಾ ನೀವು?” ಹೆಂಡತಿ ಸೌಟನ್ನು ಗಂಡನ ಮೂಗಿನವರೆಗೆ ಚಾಚಿದಳು.

ಸೋಫಾದಿಂದ ಮೆತ್ತಗಿನ ದನಿ ಕೇಳಿತು. “ಭಾವ ಹೇಳೋದು ಸರಿ ಅಕ್ಕ. ನಾನು ಮೊದ್ಲಿಂದಲೂ ಸ್ವಲ್ಪ ಬಿಸಿ ಜಾಸ್ತೀನೇ. ಥಿಯೇಟರಲ್ಲೂ ಬೇಸಿಗೇಲಿ ನನ್ನ ಪಕ್ಕ ಯಾರೂ ನಿಂತ್ಕೊಳ್ತಿರಲಿಲ್ಲ.”

ನೋಡಿದಿರಾ? ಸ್ವತಃ ಆರೋಪಿಯೇ ಒಪ್ಪಿಕೊಂಡ ಮೇಲೆ ನ್ಯಾಯಾಧೀಶರು ಏನು ಮಾಡಬೇಕು? ಸಾಹೇಬರು ತೀರ್ಪು ಕೊಟ್ಟರು. ಮರುತಪಾಸಣೆಯವರೆಗೆ ಟಾರ್ಚ್ ಮಾಮ ಹಗಲೆಲ್ಲ ಮನೆಯ ಹೊರಗಿರಬೇಕು. ಮಲಗಲು ಮಾತ್ರ ಒಳಗೆ ಬರಬಹುದು, ಅದೂ ಬಾಲ್ಕನಿಯಲ್ಲಿ. ತಪಾಸಣೆಯಲ್ಲಿ ದರ್ಜೆ ಏರಿದರೆ ಲೋಡು ಇವನದೇ ಎಂದು ಸಿದ್ಧವಾದ ಹಾಗೆ. ಆಮೇಲೆ ಅವನು ಕಾರ್ಖಾನೆ ಹಿಂದಿನ ವಠಾರದಲ್ಲಿ ಒಂದು ಕೋಣೆ ಹಿಡಿದು ಖಾಯಮ್ಮಾಗಿ ಹೋಗತಕ್ಕದ್ದು.

“ದರ್ಜೆ ಏರದಿದ್ರೆ?” ಎಂದಳು ಹೆಂಡತಿ.

“ಏರುತ್ತೆ.”

“ಏರದಿದ್ರೆ?”

“ಏರದಿದ್ರೆ ನಾನೇ ಕೈ ಹಿಡಿದು ಕರ್ಕೊಂಡು ಬಂದು ಅದೇ ಸೋಫಾ ಮೇಲೆ ಕೂರಿಸ್ತೀನಿ, ಸಾಕಾ?” ಎಂದರು ಸಾಹೇಬರು. ಕಾಲರ್ ವಿಭಾಗದಲ್ಲಿ ಯಾರೂ ಅವರ ಮಾತನ್ನು ಸುಳ್ಳು ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಟಾರ್ಚ್ ಮಾಮ ಒಂದು ದಿಂಬು, ಒಂದು ನೀರಿನ ಬಾಟಲಿ, ತನ್ನ ಹಳೇ ಟಾರ್ಚು ತೆಗೆದುಕೊಂಡು ಮನೆ ಮುಂದಿನ ಮೆಟ್ಟಿಲ ಮೇಲೆ ಹೋಗಿ ಕೂತ. ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಕತ್ತಲಲ್ಲಿ ಮೆಟ್ಟಿಲ ಪಕ್ಕ ಕೂತೇ ಜೀವನ ಕಳೆದವನು.

ವಿಮಾ ಏಜೆಂಟರು ಕೆಲಸಕ್ಕೆ ಹೊರಟವರು ಇವನನ್ನು ಎಡವಿದರು. ವಿಷಯ ಏನೆಂದು ಕೇಳಿ ತಿಳಿದುಕೊಂಡರು. ತಿಳಿದ ಮೇಲೆ ಅವರ ಮುಖ ಕೆಂಪಾಯಿತು. ನೇರವಾಗಿ ಸಾಹೇಬರ ಬಾಗಿಲು ಬಡಿದರು.

“ಏನ್ ಸಾಹೇಬ್ರೇ, ನಿಮ್ಮನೆ ಲೋಡನ್ನ ತಂದು ನಮ್ಮನೆ ಗೋಡೆಗೆ ಒರಗಿಸಿದೀರ? ನಮ್ಮ ಡಿ ಗತಿ ಏನು?”

“ಮೆಟ್ಟಿಲು ಎಲ್ಲರದೂ ಸ್ವಾಮಿ.”

“ಎಲ್ಲರದೂ ತಾನೆ? ಸರಿ ಹಾಗಾದ್ರೆ. ನನಗೂ ಒಂದು ಲೋಡಿದೆ!”

ಸಂಜೆಗೆಲ್ಲ ವಿಮಾ ಏಜೆಂಟರ ಅತ್ತೆ ಬೆತ್ತದ ಕುರ್ಚಿ ಸಮೇತ ಮೆಟ್ಟಿಲ ಮೇಲೆ ಹಾಜರಾದರು. ಬಾಯಿ ಜೋರಿನ ಹೆಂಗಸು. “ನನ್ನ ಅಳಿಯನಿಗೆ ಸಿ ಬೇಕಂತೆ. ಅವನಿಗೆ ಬುದ್ಧಿ ಬರಲಿ ಅಂತ ನಾನು ಕೇಳ್ಕೊಂಡಿದ್ದೆ, ಬಂದಿದ್ದು ಇದು” ಎಂದು ನಾಲ್ಕು ಅಂತಸ್ತಿಗೂ ಕೇಳುವಂತೆ ಹೇಳಿದರು. ಕುರಿಮಂದೆಗೆ ಒಂದು ಕುರಿ ಹಳ್ಳಕ್ಕೆ ಬಿದ್ದರೆ ಸಾಕು. ಎರಡನೇ ಅಂತಸ್ತಿನವರು ತಮ್ಮ ದೊಡ್ಡಪ್ಪನನ್ನು ಹೊರಗೆ ಕೂರಿಸಿದರು. ಪಕ್ಕದವರು ಪರೀಕ್ಷೆ ಬರೆಯಲು ಬಂದಿದ್ದ ನೆಂಟರ ಹುಡುಗಿಯನ್ನು ಪುಸ್ತಕಗಳ ಜೊತೆ ಹೊರಗೆ ಕಳಿಸಿದರು. ನರ್ಸಮ್ಮನಿಗೆ ಬಿ ಇದ್ದರೂ ಎ ಮೇಲೆ ಆಸೆ ಬಂತು. ಅವರ ಮನೆಯಲ್ಲಿ ಹೊರಗೆ ಹಾಕಲು ಇದ್ದವು ಎರಡು ಬೆಕ್ಕುಗಳೇ. “ಬೆಕ್ಕಿಗೆ ಎಷ್ಟು ವಾಟ್ ಸಾಹೇಬ್ರೇ?” ಎಂದು ಕೇಳಲು ಮೇಲೆ ಬಂದರು.

ಸಾಹೇಬರು ಒಂದು ಕ್ಷಣವೂ ತಡವರಿಸಲಿಲ್ಲ. “ಕೂದಲಿರೋ ಪ್ರಾಣಿ ನರ್ಸಮ್ಮ. ಕಂಬಳಿ ಹೊದ್ಕೊಂಡೇ ಓಡಾಡುತ್ತೆ. ಹದಿನೈದು ಅಂತ ಇಟ್ಕೊಳ್ಳಿ.”

ಒಂದೇ ವಾರದಲ್ಲಿ ಇಡೀ ಕಟ್ಟಡ ವಾಟಿನ ಭಾಷೆಯಲ್ಲಿ ಜಗಳವಾಡತೊಡಗಿತು. “ನಿಮ್ಮನೆಗೆ ಮೊನ್ನೆ ಮುನ್ನೂರು ವಾಟ್ ನೆಂಟರು ಬಂದಿದ್ರಲ್ಲ, ಬಾಗಿಲು ಯಾಕೆ ತೆಗೆದಿಟ್ಟಿದ್ರಿ?” ಎಂದು ಒಬ್ಬರು. “ನಿಮ್ಮ ಮಗು ಅತ್ತಾಗ ನಮ್ಮ ಗೋಡೆ ಬಿಸಿಯಾಗುತ್ತೆ” ಎಂದು ಇನ್ನೊಬ್ಬರು. ಕೊನೆಗೆ ಕಟ್ಟಡದ ಸಭೆಯೇ ಸೇರಿತು. ಸೇರಿದ್ದು ಮೆಟ್ಟಿಲ ಮೇಲೆ, ಏಕೆಂದರೆ ಅಷ್ಟು ಲೋಡನ್ನು ಒಳಗೆ ಕರೆಯಲು ಯಾರ ಮನೆಯವರೂ ತಯಾರಿರಲಿಲ್ಲ. ಸಾಹೇಬರು ಮೇಲಿನ ಮೆಟ್ಟಿಲಲ್ಲಿ ನಿಂತು ಕೈ ಬೀಸಿ ಬೀಸಿ ಲೋಡಿನ ಸಿದ್ಧಾಂತ ವಿವರಿಸಿದರು.

“ಎಲ್ಲರೂ ನೂರೇನಾ? ಹೆಚ್ಚುಕಮ್ಮಿ ಇಲ್ವಾ?” ಎಂದು ದೊಡ್ಡಪ್ಪ ಕೇಳಿದರು.

ವೈದ್ಯಕೀಯ ವಿಷಯವಾದ್ದರಿಂದ ನರ್ಸಮ್ಮ ಉತ್ತರಿಸಿದರು. “ಇದೆ. ಮಲಗಿದ್ರೆ ಕಮ್ಮಿ. ಓಡಾಡಿದ್ರೆ ಜಾಸ್ತಿ. ಕೈ ಬೀಸ್ಕೊಂಡು ಕೂಗಾಡಿದ್ರೆ ಎರಡರಷ್ಟು.”

ಎಲ್ಲರೂ ಸಾಹೇಬರನ್ನು ನೋಡಿದರು. ಸಾಹೇಬರು ಬೀಸುತ್ತಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡರು. ಜೇಬಿನೊಳಗೆ ಕೈ ತಡೆಯಲಾರದೆ ಅಲ್ಲಾಡುತ್ತಿತ್ತು. ಸಭೆ ಯಾವ ತೀರ್ಮಾನಕ್ಕೂ ಬರದೆ ಮುಗಿಯಿತು.

ಇತ್ತ ಮೆಟ್ಟಿಲ ಮೇಲೆ ನಡೆಯುತ್ತಿದ್ದುದೇ ಬೇರೆ. ಹೊರಗೆ ಬಿದ್ದವರೆಲ್ಲ ಸೇರಿ ಏನು ಮಾಡಬೇಕು? ಮೊದಲ ದಿನ ತಮ್ಮ ತಮ್ಮ ಮನೆಯವರನ್ನು ಬೈದರು. ಎರಡನೇ ದಿನ ಒಬ್ಬರು ಇನ್ನೊಬ್ಬರ ಮನೆಯವರನ್ನು ಬೈದರು. ಬೈಗುಳ ಮುಗಿದ ಮೇಲೆ ಟಾರ್ಚ್ ಮಾಮ ಮೆಲ್ಲಗೆ, “ಒಂದು ಸಿನಿಮಾ ಹೇಳ್ಲಾ?” ಎಂದ. ಅವನು ಒಂದೊಂದು ಸಿನಿಮಾವನ್ನೂ ದಿನಕ್ಕೆ ನಾಲ್ಕು ಆಟದಂತೆ ತಿಂಗಳುಗಟ್ಟಲೆ ನೋಡಿದವನು. ನಾಯಕನ ಮಾತು, ನಾಯಕಿಯ ಅಳು, ಖಳನ ನಗು, ನಡುವೆ ಕುದುರೆಯ ಓಟ, ಎಲ್ಲ ಅವನ ಬಾಯಲ್ಲೇ ಇತ್ತು. ಸೋಫಾದ ಮೇಲೆ ಯಾರೂ ಅವನನ್ನು ಏನೂ ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಏಜೆಂಟರ ಅತ್ತೆ ಕಣ್ಣೊರೆಸಿಕೊಂಡರು. ಪರೀಕ್ಷೆಯ ಹುಡುಗಿ ಪುಸ್ತಕ ಮಡಚಿಟ್ಟಳು. ಸಾಯಂಕಾಲದ ಆಟಕ್ಕೆ ಒಳಗಿದ್ದ ಅಗತ್ಯ ಲೋಡುಗಳೂ ಒಂದೊಂದಾಗಿ ಹೊರಗೆ ಬಂದು ಕೂರತೊಡಗಿದವು. ನಡುವೆ ಬಂದವರಿಗೆ ಟಾರ್ಚ್ ಮಾಮ ಕಥೆ ನಿಲ್ಲಿಸದೆಯೇ ಬೆಳಕು ಬಿಟ್ಟು ಜಾಗ ತೋರಿಸುತ್ತಿದ್ದ.

ಒಂದು ದಿನ ಸಾಹೇಬರು ಕಾರ್ಖಾನೆಯಿಂದ ಬಂದರೆ ಮನೆಯಲ್ಲಿ ಟೀ ಇಲ್ಲ, ಟೀ ಮಾಡುವವಳೂ ಇಲ್ಲ. ಹೆಂಡತಿ ಮೆಟ್ಟಿಲ ಮೇಲೆ ತಮ್ಮನ ಪಕ್ಕ ಕೂತಿದ್ದಳು.

“ಏನೇ ಇದು?”

“ನಾನೂ ನೂರು ವಾಟೇ ಅಲ್ವಾ? ಹೊರಗಿದೀನಿ. ನಿಮ್ಮನೆ ತಣ್ಣಗಿರಲಿ.”

“ನಿನ್ನದು ಅಗತ್ಯ ಲೋಡು ಅಂದಿದ್ನಲ್ಲ!”

“ಅಗತ್ಯ ಇರೋರು ಟೀ ಮಾಡ್ಕೋಬಹುದು” ಎಂದಳು. ಮೆಟ್ಟಿಲುದ್ದಕ್ಕೂ ನಗೆ ಉರುಳಿಕೊಂಡು ನೆಲದ ಅಂತಸ್ತಿನವರೆಗೂ ಹೋಯಿತು.

ಹೆಂಡತಿ ಮಲಗುವ ಹೊತ್ತಿಗಷ್ಟೇ ಒಳಗೆ ಬರತೊಡಗಿದಳು. ಸಾಹೇಬರು ಖಾಲಿ ಮನೆಯಲ್ಲಿ ಬನಿಯನ್ ತೊಯ್ದುಕೊಂಡು ಕೂತರು. ಸೋಫಾ ಖಾಲಿ, ಅಡುಗೆಮನೆ ಖಾಲಿ, ಟಿವಿ ಆಫ್, ಬಲ್ಬು ಆಫ್. ದರ್ಜೆ ಏರಿಸುವ ಛಲಕ್ಕೆ ಎಸಿಯನ್ನೂ ಹಾಕುತ್ತಿರಲಿಲ್ಲ. ಆದರೂ ಆ ಮನೆ ಬೇಯುತ್ತಿತ್ತು. ಬೇಯುವುದಕ್ಕೆ ಅದಕ್ಕೆ ಏನು ಹಕ್ಕಿತ್ತು? “ಹಳೇ ಬಿಸಿ. ಅವನು ಇಷ್ಟು ದಿನ ಕೂತು ಗೋಡೆಗೆಲ್ಲ ತುಂಬ್ಸಿಟ್ಟಿದಾನೆ. ಇಳಿಯೋಕೆ ಹೊತ್ತು ಬೇಕು” ಎಂದು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಂಡರು.

ಮರುತಪಾಸಣೆಯ ದಿನ ಬಂತು. ಸಾಹೇಬರು ರಜೆ ಹಾಕಿ, ಗರಿಗರಿ ಶರಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಇನ್ಸ್‌ಪೆಕ್ಟರಮ್ಮ ಮಾತ್ರ ಮೇಲೆ ಬರಲು ಪಟ್ಟ ಪಾಡು ಅವಳಿಗೇ ಗೊತ್ತು. ಮೊದಲ ಮೆಟ್ಟಿಲಿನಿಂದ ಕೊನೆಯ ಮೆಟ್ಟಿಲವರೆಗೆ ದೊಡ್ಡಪ್ಪ, ಅತ್ತೆ, ನಾದಿನಿ, ಬೆಕ್ಕು. “ಏನಾಗಿದೆ ಇಲ್ಲಿ? ಭೂಕಂಪ ಏನಾದ್ರೂ ಆಯ್ತಾ?” ಎಂದು ಗಾಬರಿಯಾದಳು.

“ಇಲ್ಲಮ್ಮ. ನಾವೆಲ್ಲ ಲೋಡು” ಎಂದರು ಏಜೆಂಟರ ಅತ್ತೆ.

ಅವಳ ಬೆನ್ನಿಗೆ ಇಡೀ ಮೆಟ್ಟಿಲೇ ಎದ್ದು ಮೇಲೆ ಬಂತು. ಸಾಹೇಬರು ಯಾರನ್ನೂ ಒಳಗೆ ಬಿಡದೆ ಹೊಸ್ತಿಲಲ್ಲೇ ತಡೆದು, ಅವಳೊಬ್ಬಳನ್ನೇ ಕರೆದುಕೊಂಡು ಹೋಗಿ ಖಾಲಿ ಸೋಫಾ ತೋರಿಸಿದರು. “ನೋಡಿ. ತೆಗೆದುಹಾಕಿದೀನಿ. ಈಗ ಅಳೀರಿ.”

“ಏನನ್ನ ತೆಗೆದುಹಾಕಿದ್ರಿ ಸಾರ್?”

“ನನ್ನ ಭಾವಮೈದುನನ್ನ. ನೂರಿಪ್ಪತ್ತು ವಾಟು.”

ಇನ್ಸ್‌ಪೆಕ್ಟರಮ್ಮ ಅವರ ಮುಖವನ್ನೊಮ್ಮೆ, ಹೊಸ್ತಿಲಾಚೆ ಮುಗುಳ್ನಗುತ್ತಿದ್ದ ಟಾರ್ಚ್ ಮಾಮನನ್ನೊಮ್ಮೆ ನೋಡಿದಳು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಸಾರ್, ದರ್ಜೆ ಕೊಡೋವಾಗ ಮನೇಲಿ ಯಾರು ಇದಾರೆ ಅಂತ ನಾವು ನೋಡೋದೇ ಇಲ್ಲ. ಇಷ್ಟು ಅಗಲದ ಮನೆಗೆ ಇಷ್ಟು ಜನ ಅಂತ ಒಂದು ಅಂದಾಜು ಇದೆ. ಎಲ್ಲರ ಮನೆಗೂ ಅದನ್ನೇ ಹಾಕ್ತೀವಿ. ದರ್ಜೆ ಮನೆಗೆ, ಮನುಷ್ಯರಿಗಲ್ಲ.”

“ಅಂದ್ರೆ ಇವನು ಇಷ್ಟು ದಿನ ಹೊರಗೆ ಕೂತಿದ್ದು...”

“ನಮ್ಮ ಲೆಕ್ಕದಲ್ಲಿ ಒಳಗೇ ಇದ್ರು ಸಾರ್.”

ಹೊಸ್ತಿಲಾಚೆ ಗುಸುಗುಸು ಎದ್ದಿತು. ಸಾಹೇಬರ ಕತ್ತಿನ ನರ ಉಬ್ಬಿತು. “ಹಾಗಾದ್ರೆ ಮನುಷ್ಯ ನೂರು ವಾಟು ಅಂತ ನನಗ್ಯಾಕೆ ಹೇಳಿದ್ರಿ?”

“ನೀವು ಇನ್ನೂ ಇನ್ನೂ ಅಂತ ಕೇಳ್ತಾನೇ ಇದ್ರಲ್ಲ ಸಾರ್! ಸೂರಿನ ವಿಷಯಾನೇ ಮೊದ್ಲು ಹೇಳಿದ್ದೆ, ನೀವು ಕಿವೀಗೆ ಹಾಕ್ಕೊಳ್ಳಲಿಲ್ಲ. ಇಲ್ಲಿ ನೋಡಿ.” ಅವಳು ಕ್ಯಾಮೆರಾ ಎತ್ತಿದಳು. ಬಿಸಿ ಇದ್ದಲ್ಲಿ ಕೆಂಪು, ತಂಪಿದ್ದಲ್ಲಿ ನೀಲಿ ತೋರಿಸುವ ಕ್ಯಾಮೆರಾ ಅದು. ಸೋಫಾ ನೀಲಿಯಾಗಿತ್ತು. ಕಿಟಕಿಯ ಸುತ್ತ ಕೆಂಪು ಗೀರುಗಳಿದ್ದವು. ಸೂರಿನ ಕಡೆ ತಿರುಗಿಸಿದಾಗ ತೆರೆಯೆಲ್ಲ ಕೆಂಡದ ರಾಶಿಯಂತಾಯಿತು. “ಈ ಸೂರಿನಿಂದ ಇಳೀತಿರೋ ಬಿಸಿ ಇದೆಯಲ್ಲ, ಮೆಟ್ಟಿಲ ಮೇಲಿರೋ ಅಷ್ಟೂ ಜನ ನಿಮ್ಮ ಹಾಲಲ್ಲಿ ಬಂದು ಕೂತ್ರೂ ಇದಕ್ಕೆ ಸಮ ಆಗಲ್ಲ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!” ಎಂದರು ಏಜೆಂಟರ ಅತ್ತೆ. ಹೇಳಿದ್ದು ಸಾಹೇಬರಿಗೆ, ದುರುಗುಟ್ಟಿ ನೋಡಿದ್ದು ಅಳಿಯನನ್ನು. ವಿಮಾ ಏಜೆಂಟರು ಬೆತ್ತದ ಕುರ್ಚಿಯನ್ನು ತಾವೇ ಹೊತ್ತು ಒಳಗೆ ಸಾಗಿಸಿದರು.

ಫಲಕ ಬದಲಾಗಲಿಲ್ಲ. ಎಫ್ ಎಫ್ ಆಗಿಯೇ ಉಳಿಯಿತು. ಇನ್ಸ್‌ಪೆಕ್ಟರಮ್ಮ ಹೋದಳು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ಗಂಡನ ಮುಂದೆ ನಿಂತಳು. “ದರ್ಜೆ ಏರಲಿಲ್ಲ. ಮಾತು ಕೊಟ್ಟಿದೀರ. ಹೋಗಿ, ಕೈ ಹಿಡಿದು ಕರ್ಕೊಂಡು ಬನ್ನಿ.”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಸಾಹೇಬರು ಹೊಸ್ತಿಲವರೆಗೆ ಹೋಗಿ, ಗೋಡೆಯ ಕಡೆ ನೋಡುತ್ತಾ, “ಬಾಗಿಲು ತೆಗೆದಿದೆ. ಬರೋರು ಬರಬಹುದು” ಎಂದರು.

ಮತ್ತೆ ಮೆಟ್ಟಿಲ ಮೇಲೆ ಕೂತಿದ್ದ ಟಾರ್ಚ್ ಮಾಮ ಎದ್ದು ನಿಂತ. ಕೈ ಹೊಸೆದುಕೊಂಡ. “ಭಾವ, ತಪ್ಪು ತಿಳ್ಕೋಬೇಡಿ. ನಾನು ಬರಲ್ಲ.”

“ಯಾಕೆ? ಕೋಪನಾ?”

“ಅಯ್ಯೋ, ಕೋಪ ಎಲ್ಲಿಂದ ಭಾವ! ನಿಮ್ಮನೇಲಿ ತುಂಬ ಸೆಕೆ. ಅನ್ನ ಹಾಕಿದವರ ಮನೇನ ಸೆಕೆ ಅನ್ನಬಾರದು ಅಂತ ಇಷ್ಟು ದಿನ ಸುಮ್ಮನಿದ್ದೆ. ನರ್ಸಮ್ಮ ತಮ್ಮನೇಲಿ ಒಂದು ಕೋಣೆ ಖಾಲಿ ಇದೆ, ಬಂದಿರು, ಬೆಕ್ಕಿಗೂ ಸಿನಿಮಾ ಹೇಳುವೆಯಂತೆ ಅಂದಿದಾರೆ.”

“ಬಿ ದರ್ಜೆ” ಎಂದು ನರ್ಸಮ್ಮ ಕೆಳಗಿನಿಂದ ಸೇರಿಸಿದರು.

ಸಾಹೇಬರಿಗೆ ಬಂದ ಸಿಟ್ಟನ್ನು ಯಾವ ಕ್ಯಾಮೆರಾದಲ್ಲೂ ಹಿಡಿಯಲು ಸಾಧ್ಯವಿರಲಿಲ್ಲ. ಸರ್ಕಾರ ಎಫ್ ಅಂದದ್ದನ್ನು ಹೇಗೋ ನುಂಗಿಕೊಳ್ಳಬಹುದು. ಸೋಫಾದ ಎಡಮೂಲೆಯಲ್ಲಿ ಬಿದ್ದುಕೊಂಡಿದ್ದವನು, ಇವತ್ತಿನವರೆಗೆ ಸಾರಿಗೆ ಉಪ್ಪು ಕಮ್ಮಿ ಅಂತ ಕೂಡ ಅಂದವನಲ್ಲ, ಅವನೂ ರಿಜೆಕ್ಟ್ ಮಾಡುವುದೇ? “ನನ್ನ ಮನೇಲಿ ಸೆಕೆಯಾ? ನನ್ನ ಮನೇಲಿ?” ಎಂದು ಹೂಂಕರಿಸಿ ಹೆಂಡತಿಯ ಕಡೆ ತಿರುಗಿದರೆ, ಅವಳು ಆಗಲೇ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

“ನೀನೆಲ್ಲಿಗೆ?”

“ಅವನಿರೋ ಕಡೆ. ಒಂದು ಅಂತಸ್ತು ಕೆಳಗೆ ಅಷ್ಟೆ. ಮೇಲಿಂದ ಕೂಗಿದ್ರೆ ಕೇಳಿಸುತ್ತೆ. ಸುಮ್ನೆ ಕೂಗಬೇಡಿ.”

ಮರುದಿನ ಬೆಳಿಗ್ಗೆ ಕಟ್ಟಡದವರು ಕಂಡ ದೃಶ್ಯವನ್ನು ಬಹಳ ದಿನ ಮಾತಾಡಿಕೊಂಡರು. ಕಾಲರ್ ಸಾಹೇಬರು ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ತಾರಸಿಯ ಮೇಲೆ ಸುಣ್ಣದ ಬಕೆಟ್ಟು, ಉದ್ದ ಕೋಲಿನ ಬ್ರಷ್ಷು ಹಿಡಿದು ನಿಂತಿದ್ದರು. ಬಳಿಯುತ್ತಿದ್ದರು, ಬೈಯುತ್ತಿದ್ದರು. ಸರ್ಕಾರವನ್ನು ಬೈದರು, ಸೂರ್ಯನನ್ನು ಬೈದರು, ಕಟ್ಟಡ ಕಟ್ಟಿದ ಮೇಸ್ತ್ರಿಯ ಏಳು ತಲೆಮಾರನ್ನು ಬೈದರು. “ಸೆಕೆಯಂತೆ, ಸೆಕೆ!” ಎಂದು ಒಂದೊಂದು ಬಾರಿ ಬ್ರಷ್ ಎಳೆದಾಗಲೂ ಹೇಳಿದರು. ವಿಮಾ ಏಜೆಂಟರು ಮೇಲೆ ಬಂದು, “ನಮ್ಮ ಕಡೆಗೂ ಒಂದ್ ಕೈ ಹಚ್ಚಿಬಿಡಿ ಸಾಹೇಬ್ರೇ” ಎಂದಾಗ ಅವರ ಶರಟಿನ ಮೇಲೆ ಒಂದು ಕೈ ಸುಣ್ಣ ಬಿತ್ತು. ಅದು ಆಕಸ್ಮಿಕವೆಂದು ಸಾಹೇಬರು ಹೇಳಲಿಲ್ಲ. ಒಂದು ಕೋಟ್ ಒಣಗಿದ ಮೇಲೆ ಎರಡನೆಯದು ಹಚ್ಚಿದರು, ಅದರ ಮೇಲೆ ಮೂರನೆಯದು. ತಾರಸಿ ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗಾಯಿತು.

ಸುಣ್ಣವೆಲ್ಲ ಒಣಗಿದ ಮೇಲೆ, ಒಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನ ಹೊತ್ತಿಗೆ, ಸಾಹೇಬರು ನರ್ಸಮ್ಮನ ಬಾಗಿಲು ತಟ್ಟಿದರು. ಟಾರ್ಚ್ ಮಾಮನ ಕೈ ಹಿಡಿದು ಎಳೆದುಕೊಂಡೇ ಮೇಲೆ ಬಂದು ಸೋಫಾದ ಎಡಮೂಲೆಯಲ್ಲಿ ಕೂರಿಸಿದರು. ಹಿಂದೆಯೇ ಹೆಂಡತಿ ಬಂದಳು, ನರ್ಸಮ್ಮ ಬಂದರು, ಏಜೆಂಟರ ಅತ್ತೆ ಬಂದರು, ಮೆಟ್ಟಿಲಿನವರೆಲ್ಲ ಬಂದರು. ಎಸಿ ಹಾಕಿರಲಿಲ್ಲ.

“ಹೇಳು” ಎಂದರು ಸಾಹೇಬರು.

ಟಾರ್ಚ್ ಮಾಮ ಕಣ್ಣು ಮುಚ್ಚಿ ಕೂತ. ಸೂರಿನ ಕಡೆ ಮುಖವೆತ್ತಿದ. ಸಾಹೇಬರ ಕಿವಿಯ ಹಿಂದೆ ಸುಣ್ಣ ಒಣಗಿತ್ತು, ಬೆರಳೆಲ್ಲ ಸುಣ್ಣ ತಿಂದು ಬಿರಿದಿತ್ತು. ಜೀವಮಾನವಿಡೀ ಬೇರೆಯವರನ್ನು ಹೀಗೆ ಮುಂದೆ ನಿಲ್ಲಿಸಿಕೊಂಡಿದ್ದ ಮನುಷ್ಯ ಉಸಿರು ಬಿಗಿಹಿಡಿದು ನಿಂತಿದ್ದರು.

“ಮೇಲಿಂದ ಬರ್ತಿಲ್ಲ ಭಾವ. ಆದ್ರೆ ಕಿಟಕಿ ಕಡೆಯಿಂದ ಒಂದು ಎಳೆ ಬಿಸಿಗಾಳಿ ಬರ್ತಿದೆ.”

“ಎಲ್ಲಿ? ಯಾವ ಕಡೆ?” ಸಾಹೇಬರು ಕಾರ್ಖಾನೆಯಿಂದ ತಂದಿದ್ದ, ಕಾಲರಿನ ಒಳಗೆ ಇಡುವ ದಪ್ಪ ಕ್ಯಾನ್ವಾಸಿನ ಪಟ್ಟಿಗಳನ್ನು ಹಿಡಿದು ಕಿಟಕಿಗೆ ಹಾರಿದರು. ಸಂದು ಸಂದಿಗೂ ತುರುಕಿದರು. “ಈಗ?”

“ಕೆಳಗೆ ಸ್ವಲ್ಪ.”

ಕೆಳಗೂ ತುರುಕಿದರು. “ಈಗ?”

ಟಾರ್ಚ್ ಮಾಮನ ತಲೆ ಸೋಫಾದ ಹಿಡಿಯ ಮೇಲೆ ವಾಲಿತ್ತು. ಸಣ್ಣಗೆ ಗೊರಕೆ ಶುರುವಾಗಿತ್ತು.

“ಪಾಸು!” ಎಂದು ಏಜೆಂಟರ ಅತ್ತೆ ಕೂಗಿದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾ ಟೀಗೆ ನೀರಿಡಲು ಒಳಗೆ ಹೋದಳು.

“ಷ್! ಬುದ್ಧಿ ಇಲ್ವಾ ನಿಮಗೆ? ಮನುಷ್ಯ ಮಲಗಿರೋದು ಕಾಣಿಸಲ್ವಾ?” ಎಂದು ಸಾಹೇಬರು ಸಿಡುಕಿದರು. ಎಲ್ಲರನ್ನೂ ಹೊರಗೆ ದಬ್ಬಿ ಬಾಗಿಲು ಹಾಕಿದರು. ಕೋಣೆಗೆ ಹೋಗಿ ತಮ್ಮ ಹಾಸಿಗೆಯ ದಿಂಬನ್ನು ತಂದರು.

“ತಲೆ ಎತ್ತೋ” ಎಂದರು. ಅವನಿಗೆ ಎಚ್ಚರವಾಗಲಿಲ್ಲ. ಸಾಹೇಬರೇ ಅವನ ತಲೆಯನ್ನು ಮೆಲ್ಲಗೆ ಎತ್ತಿ ದಿಂಬು ಇಟ್ಟರು.